ಸುಲ್ತಾನ್‌ಪೇಟೆಯ ಸೂರುಗಳು: ಹಳೆಯ ಬೆಂಗಳೂರಿನ ಮನೆಗಳ ಮೇಲ್ಮಾಡಿನ ಚರಿತ್ರೆಯೂ ಸಂರಕ್ಷಣೆಯೂ

ಮನೆಯೊಂದರ ಚರಿತ್ರೆಯನ್ನು ಬರೆಯಲು ತೊಡಗುವವರು ಸಾಮಾನ್ಯವಾಗಿ ಅದರ ತಲೆಬಾಗಿಲಿನಿಂದ ಆರಂಭಿಸುವರು. ಬಾಗಿಲವಾಡದ ಕೆತ್ತನೆಯನ್ನೂ ಕಂಬಗಳ ಬೋದಿಗೆಗಳನ್ನೂ ಗೋಡೆಗಳ ದಪ್ಪವನ್ನೂ ವರ್ಣಿಸಿ, ಕಟ್ಟಿಸಿದವರ ವಂಶಾವಳಿಯನ್ನು ಹೇಳಿ ಮುಗಿಸುವುದು ವಾಡಿಕೆಯಾಗಿದೆ. ತಲೆಯೆತ್ತಿ ಮೇಲೆ ನೋಡುವವರು ವಿರಳ. ಆದರೆ ವಿಚಾರಮಾಡಿ ನೋಡಿದರೆ, ನಾಲ್ಕು ಗೋಡೆಗಳು ಸೇರಿದ ಮಾತ್ರಕ್ಕೆ ಅದು ಮನೆಯಾಗದು; ಅದರ ಮೇಲೆ ಸೂರು ಕೂಡಿದಾಗಲೇ ಅದಕ್ಕೆ ಮನೆಯೆಂಬ ಹೆಸರು ಸಲ್ಲುವುದು. ನಮ್ಮ ಭಾಷೆಯೂ ಈ ಸತ್ಯವನ್ನು ಬಲ್ಲುದು. ನಿರ್ಗತಿಕನನ್ನು ಸೂರಿಲ್ಲದವನೆಂದು ಕರೆಯುತ್ತೇವೆಯೇ ಹೊರತು ಗೋಡೆಯಿಲ್ಲದವನೆಂದು ಕರೆಯುವುದಿಲ್ಲ. ಮಠವೆಂಬ ಶಬ್ದಕ್ಕೂ ಮೊದಲಿನ ಅರ್ಥವು ಯತಿಯ ಗುಡಿಸಲೆಂದೇ. ಎಂದರೆ ಮಳೆಬಿಸಿಲುಗಳಿಂದ ಕಾಯುವ ಒಂದು ಹೊದಿಕೆ.

ಇಂತಹ ಸೂರಿನ ವಿಷಯವಾಗಿ, ಅದರಲ್ಲಿಯೂ ಬೆಂಗಳೂರಿನ ಹಳೆಯ ಪೇಟೆಗೆ ಸೇರಿದ ಸುಲ್ತಾನ್‌ಪೇಟೆ ಮತ್ತು ಅದರ ಸುತ್ತಣ ಬಡಾವಣೆಗಳ ಮನೆಗಳ ಮೇಲ್ಮಾಡಿನ ವಿಷಯವಾಗಿ, ಕೆಲವು ಮಾತುಗಳನ್ನು ಭಕ್ತಮಹಾಜನರಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶವು. ಮಠದ ಮಹೋತ್ಸವದ ಸಂಚಿಕೆಗೆ ಇದು ಹೊರಗಿನ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಈ ಪುಟಗಳನ್ನು ಓದತಕ್ಕವರಲ್ಲಿ ಅನೇಕರು ಹಿರಿಯರಿಂದ ಬಂದ ಹಳೆಯ ಮನೆಗಳಿಗೆ ವಾರಸುದಾರರು. ಇನ್ನು ಕೆಲವರು ಮಠ, ಛತ್ರ, ಪಾಠಶಾಲೆ, ವಿದ್ಯಾರ್ಥಿನಿಲಯಗಳ ಆಡಳಿತವನ್ನು ಹೊತ್ತವರು. ಉತ್ಸವವೊಂದು ಸಮೀಪಿಸಿದಾಗ ಜೀರ್ಣೋದ್ಧಾರದ ಮಾತು ಮೊದಲು ಹುಟ್ಟುವುದು; ಆ ಮಾತಿನಲ್ಲಿ ಮೊದಲು ಕೊಡಲಿಯ ಪೆಟ್ಟು ಬೀಳುವುದು ಹಳೆಯ ಸೂರಿಗೆ. ಆದುದರಿಂದ ಇದು ನಮ್ಮ ಮನೆಯ ಮಾತೇ ಆಗಿರುವುದು.

ಮಳೆಯೂ ಮಾಳಿಗೆಯೂ

ಸೂರಿನ ರೂಪವನ್ನು ನಿರ್ಣಯಿಸುವುದು ಮೊದಲು ಮಳೆ, ಆಮೇಲೆ ಸಿಕ್ಕುವ ಸಾಮಗ್ರಿ, ಕೊನೆಗೆ ಮನುಷ್ಯನ ಅಭಿರುಚಿ. ಕನ್ನಡನಾಡಿನ ಉದ್ದಗಲದಲ್ಲಿ ಸಂಚರಿಸಿದವರಿಗೆ ಇದು ಕೈಗನ್ನಡಿಯಂತೆ ಸ್ಪಷ್ಟವಾಗುವುದು. ಬಯಲುಸೀಮೆಯ ಮಳೆ ಕಡಮೆಯಾದ ಪ್ರಾಂತಗಳಲ್ಲಿ ತೊಲೆಜಂತೆಗಳ ಮೇಲೆ ಮಣ್ಣನ್ನು ಹಾಸಿ ಗಟ್ಟಿಸಿದ ಮೇಲ್ಮುದ್ದೆಯ ಮಾಳಿಗೆಗಳುಂಟು. ಅವುಗಳ ನಡುವೆ ಬಿಟ್ಟ ಬೆಳಕಿಂಡಿಯಿಂದ ಒಳಗೆ ಬೆಳಕು ಇಳಿಯುವುದು, ಹೊಗೆ ಹೊರಗೆ ಹೋಗುವುದು. ಮಲೆನಾಡಿಗೂ ಕರಾವಳಿಗೂ ಹೋದರೆ ಸೂರು ಕಡಿದಾಗಿ ಇಳಿಜಾರಾಗುತ್ತ ಬರುವುದು. 1430ರ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿಯೂ, ಭಟ್ಕಳದ ಕೇತಪೈ ನಾರಾಯಣ ದೇವಾಲಯದಲ್ಲಿಯೂ ಕಲ್ಲನ್ನು ಕೂಡ ಮರದ ಹಲಗೆಯಂತೆ ಓರೆಯಾಗಿ ಹೊದಿಸಿರುವುದು ಆ ಸೀಮೆಯ ಮಳೆಗೆ ಶಿಲ್ಪಿಯು ತಲೆಬಾಗಿದ ಗುರುತು. ಶಿವಮೊಗ್ಗೆಯಲ್ಲಿ ಶಿವಪ್ಪನಾಯಕನ ಅರಮನೆಯೆಂದು ಹೆಸರಾಗಿ ಈಗ ವಸ್ತುಸಂಗ್ರಹಾಲಯವಾಗಿರುವ ಕಟ್ಟಡದಲ್ಲಿ ಮರದ ಕಂಬಗಳ ಮೇಲೆ ನಿಂತ ಹೆಂಚಿನ ಸೂರನ್ನು ಇಂದಿಗೂ ನೋಡಬಹುದು.

ಬೆಂಗಳೂರು ಈ ಎರಡು ಸೀಮೆಗಳ ನಡುವಣ ಸ್ಥಾನದಲ್ಲಿರುವುದು. ಸಮುದ್ರಮಟ್ಟದಿಂದ ಸುಮಾರು 3,000 ಅಡಿಗಳ ಎತ್ತರ. ವರ್ಷಕ್ಕೆ ಒಂದು ಮೀಟರಿಗೆ ಸಮೀಪವಾದ ಮಳೆ. ಮಂಗಳೂರಿನಲ್ಲಿ ಬೀಳುವ ಮಳೆಯು ಇದರ ಮೂರು ಪಟ್ಟಿಗಿಂತಲೂ ಅಧಿಕ. ಆದುದರಿಂದ ಇಲ್ಲಿಯ ಗೃಹಸ್ಥನಿಗೆ ಎರಡು ದಾರಿಗಳೂ ತೆರೆದಿದ್ದುವು. ಆತನು ಚಪ್ಪಟೆಯಾದ ಮಾಳಿಗೆಯನ್ನೂ ಕಟ್ಟಬಹುದು, ಇಳಿಜಾರಾದ ಹೆಂಚನ್ನೂ ಹೊದಿಸಬಹುದು. ಹಳೆಯ ಬೆಂಗಳೂರಿನ ಸೂರುಗಳಲ್ಲಿ ಕಾಣುವ ವೈವಿಧ್ಯಕ್ಕೆ ಇದೇ ಮೂಲಕಾರಣವು.

ಪೇಟೆಯ ಮನೆಗಳು

1537ರಲ್ಲಿ ಕೆಂಪೇಗೌಡರು ಪೇಟೆಯನ್ನು ಕಟ್ಟಿಸಿದರೆಂಬುದು ಸರ್ವವಿದಿತವಾದ ಸಂಗತಿ. ಚಿಕ್ಕಪೇಟೆ, ಅಕ್ಕಿಪೇಟೆ, ಅರಳೇಪೇಟೆಗಳ ನೆರೆಯಲ್ಲಿರುವ ಸುಲ್ತಾನ್‌ಪೇಟೆಯು ಈ ಹಳೆಯ ಊರಿನ ಒಂದು ಭಾಗ. ಇಂದು ಕಾಗದ, ಮುದ್ರಣ, ಲಗ್ನಪತ್ರಿಕೆಗಳ ವ್ಯಾಪಾರದಿಂದ ಊರಿಗೆಲ್ಲ ಪರಿಚಿತವಾದ ಕೇರಿಯಿದು. ಪೇಟೆಯ ಮನೆಗಳ ಲಕ್ಷಣವೇನೆಂದರೆ, ಬೀದಿಗೆ ಮುಖವು ಕಿರಿದು, ಹಿಂದಕ್ಕೆ ಉದ್ದ ಬಹಳ. ಪಕ್ಕದ ಮನೆಯೊಡನೆ ಗೋಡೆಯೂ ಹೊಂದಿಕೊಂಡಿರುವುದು. ಪಕ್ಕಗಳಿಂದ ಗಾಳಿ ಬೆಳಕುಗಳಿಗೆ ಅವಕಾಶವಿಲ್ಲದುದರಿಂದ ಅವು ಮೇಲಿನಿಂದಲೇ ಬರಬೇಕು. ಆದುದರಿಂದಲೇ ನಡುವೆ ತೊಟ್ಟಿ, ಅದರ ಸುತ್ತ ಒಳಮುಖವಾಗಿ ಇಳಿದ ಸೂರು, ಮಳೆಯ ನೀರನ್ನು ಅಂಗಳಕ್ಕೆ ಇಳಿಸುವ ದೋಣಿ. ಇಂತಹ ಮನೆಯಲ್ಲಿ ಸೂರನ್ನು ಬದಲಿಸುವುದೆಂದರೆ ಮನೆಯ ಉಸಿರಾಟವನ್ನೇ ಬದಲಿಸಿದಂತೆ. ತೊಟ್ಟಿಯ ಮೇಲೆ ಕಾಂಕ್ರೀಟನ್ನು ಮುಚ್ಚಿದ ದಿನದಿಂದ ಒಳಮನೆಯಲ್ಲಿ ಹಗಲಿನಲ್ಲಿಯೂ ದೀಪ ಬೇಕಾಗುವುದು.

ಪೇಟೆಯ ಅನುಕೂಲಸ್ಥರ ಮನೆಗಳಲ್ಲಿ ಮದ್ರಾಸು ತಾರಸಿಯೆಂದು ಹೆಸರಾದ ಗಾರೆಯ ಮಾಳಿಗೆಯು ಪ್ರಸಿದ್ಧವಾಗಿತ್ತು. ಅದರ ರಚನಾಕ್ರಮವನ್ನು ತಿಳಿದರೆ ಅದರಲ್ಲಿ ಅಡಗಿದ ಶ್ರಮದ ಬೆಲೆಯೂ ತಿಳಿಯುವುದು. ಮೊದಲು ತೇಗದ ತೊಲೆಗಳು, ಅವುಗಳ ಮೇಲೆ ಒತ್ತೊತ್ತಾಗಿ ಜಂತೆಗಳು. ಜಂತೆಗಳ ಮೇಲೆ, ಸುಮಾರು ಒಂದು ಅಂಗುಲ ದಪ್ಪದ ತೆಳು ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅದ್ದಿ, ಅಡ್ಡಡ್ಡಲಾಗಿ ಅಂಚಿನ ಮೇಲೆ ನಿಲ್ಲಿಸಿ ಜೋಡಿಸುವರು. ಅದರ ಮೇಲೆ ಇಟ್ಟಿಗೆಯ ಚೂರು ಮತ್ತು ಸುಣ್ಣ ಬೆರೆತ ಮೂರು ನಾಲ್ಕು ಅಂಗುಲಗಳ ಹಾಸು. ಈ ಹಾಸನ್ನು ಹೆಣ್ಣಾಳುಗಳು ಸಾಲಾಗಿ ಕುಳಿತು, ಹಾಡಿನ ಲಯಕ್ಕೆ ಸರಿಯಾಗಿ, ಮರದ ಬಡಿಮಣೆಗಳಿಂದ ದಿನಗಟ್ಟಲೆ ಬಡಿಯುವರು. ನಡುನಡುವೆ ಅಳಲೆಕಾಯಿಯನ್ನೂ ಬೆಲ್ಲವನ್ನೂ ನೆನೆಸಿದ ನೀರನ್ನು ಚಿಮುಕಿಸುವರು. ಬಡಿಮಣೆಯು ಹಾಸಿನಲ್ಲಿ ಕುಳಿಬೀಳಿಸದೆ ಚಿಮ್ಮಿ ಹಿಂದಕ್ಕೆ ಬರುವವರೆಗೂ ಈ ಕೆಲಸವು ಸಾಗತಕ್ಕುದು. ಕೊನೆಗೆ ಚಪ್ಪಟೆ ಬಿಲ್ಲೆಗಳನ್ನು ಗಾರೆಯಲ್ಲಿ ಕೂರಿಸಿ, ನೀರು ಹರಿಯುವಂತೆ ತುಸು ವಾಟವನ್ನು ಕೊಡುವರು. ಉಕ್ಕಿನ ಒಂದು ಕಂಬಿಯೂ ಇಲ್ಲದ ಈ ಮಾಳಿಗೆಗಳಲ್ಲಿ ನೂರು ವರ್ಷಗಳನ್ನು ದಾಟಿ ನಿಂತವು ಇಂದಿಗೂ ಉಂಟು. ಬೇಸಗೆಯಲ್ಲಿ ಇವುಗಳ ಕೆಳಗೆ ಇರುವ ತಂಪು ತೆಳುವಾದ ಕಾಂಕ್ರೀಟಿನ ಕೆಳಗೆ ದೊರೆಯದು.

ಮಂಗಳೂರು ಹೆಂಚಿನ ಆಗಮನ

ಬಡವರ ಮನೆಗೂ, ಸಿರಿವಂತರ ಹಿತ್ತಿಲ ಕಡೆಯ ಭಾಗಕ್ಕೂ ಪೂರ್ವದಲ್ಲಿ ಕುಂಬಾರನ ಚಕ್ರದಲ್ಲಿ ಹುಟ್ಟಿದ ನಾಡಹೆಂಚೇ ಗತಿಯಾಗಿತ್ತು. ಅರ್ಧ ಸೀಳಿದ ಕೊಳವೆಯಂತಿರುವ ಈ ಹೆಂಚುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಕೋತಿಯೂ ಗಾಳಿಯೂ ಅವುಗಳನ್ನು ಕದಲಿಸುವುದರಿಂದ ಪ್ರತಿವರ್ಷವೂ ಮಳೆಗಾಲಕ್ಕೆ ಮೊದಲು ಕೈಯಾಡಿಸುವುದು ಅನಿವಾರ್ಯ.

ಈ ಸ್ಥಿತಿಯನ್ನು ಬದಲಾಯಿಸಿದುದು ಮಂಗಳೂರು ಹೆಂಚು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರನ್ನು ಕನ್ನಡಿಗರು ಬೇರೆ ಕಾರಣಗಳಿಗಾಗಿ ಬಲ್ಲರು. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲರೂ ಆ ಸಂಸ್ಥೆಗೆ ಸೇರಿದವರು. ಅದೇ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಒಂದಕ್ಕೊಂದು ಕೊಂಡಿಯಂತೆ ಕಚ್ಚಿಕೊಳ್ಳುವ ಹೆಂಚಿನ ಉಪಾಯವು 1841ರಲ್ಲಿ ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರಿಂದ ಪ್ರಸಿದ್ಧಿಗೆ ಬಂದಿತ್ತು. ಆ ಉಪಾಯಕ್ಕೆ ನೇತ್ರಾವತಿ ಗುರುಪುರ ನದಿಗಳ ಜೇಡಿಯು ಅತ್ಯಂತ ಅನುಕೂಲವಾಗಿ ಒದಗಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಈ ಕಾರ್ಖಾನೆಗಳು ಮಿಷನ್ನಿನವರ ಕೈತಪ್ಪಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದುವು. ಅಷ್ಟರಲ್ಲಿ ದೇಶೀಯರ ಕಾರ್ಖಾನೆಗಳೂ ಕರಾವಳಿಯಲ್ಲಿ ಅನೇಕವಾಗಿ ಹುಟ್ಟಿದ್ದುವು. 1907ರಲ್ಲಿ ಮಂಗಳೂರಿಗೆ ರೈಲುಮಾರ್ಗವು ಬಂದುದರಿಂದ ಒಳನಾಡಿಗೆ ಹೆಂಚನ್ನು ಸಾಗಿಸುವುದು ಮತ್ತಷ್ಟು ಸುಲಭವಾಯಿತು.

ಇಲ್ಲಿ ಚರಿತ್ರೆಯ ಆಸಕ್ತರಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಹಳೆಯ ಹೆಂಚನ್ನು ಮಗುಚಿ ನೋಡಿದರೆ ಅದರ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರೂ ಮುದ್ರೆಯೂ ಕಾಣುವುವು. ಕೆಲವು ಹೆಂಚುಗಳ ಮೇಲೆ 1865 ಎಂಬ ಅಂಕಿಯೂ ಇರುವುದು. ಇದನ್ನು ಕಂಡು ತಮ್ಮ ಮನೆಯು 1865ರದೆಂದು ನಂಬತಕ್ಕವರಿದ್ದಾರೆ. ಆ ಅಂಕಿಯು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹೆಂಚು ಹುಟ್ಟಿದ ವರ್ಷವಲ್ಲ. ಆದರೂ ಹೆಂಚಿನ ಮುದ್ರೆಯು ಒಳ್ಳೆಯ ಸಾಕ್ಷಿಯೇ ಸರಿ. ಒಂದೇ ಸೂರಿನಲ್ಲಿ ಎರಡು ಮೂರು ಕಾರ್ಖಾನೆಗಳ ಮುದ್ರೆಗಳಿದ್ದರೆ, ಆ ಸೂರು ಬೇರೆ ಬೇರೆ ಕಾಲಗಳಲ್ಲಿ ದುರಸ್ತಿಯಾದುದೆಂದು ಊಹಿಸಬಹುದು. ಸೂರನ್ನು ಕೆಡವಿ ಹೆಂಚನ್ನು ಗುಜರಿಗೆ ಹಾಕಿದಾಗ ಈ ಶಾಸನಗಳೂ ಚೂರಾಗುವುವು.

ಪ್ಲೇಗಿನ ನಂತರದ ಬಡಾವಣೆಗಳು

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಒತ್ತೊತ್ತಾಗಿ ಕಟ್ಟಿದ ಪೇಟೆಯ ಮನೆಗಳಲ್ಲಿ ಆ ಮಾರಿಯು ಮಾಡಿದ ಹಾವಳಿಯನ್ನು ಹಿರಿಯರ ಬಾಯಿಂದ ಕೇಳಿದ ಕುಟುಂಬಗಳು ಇನ್ನೂ ಇವೆ. ಇಲಿಯ ಮೈಮೇಲಿನ ಚಿಗಟದಿಂದ ರೋಗವು ಹರಡುವುದೆಂಬ ತತ್ತ್ವವನ್ನು ಫ್ರಾನ್ಸಿನ ಸಿಮೋನ್ ಎಂಬ ವೈದ್ಯರು ಅದೇ 1898ರಲ್ಲಿ ಪ್ರತಿಪಾದಿಸಿದ್ದರೂ ಲೋಕವು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಬೇಕಾದುವು. ಆದರೆ ಗಾಳಿಬೆಳಕುಗಳಿಲ್ಲದ ಮನೆಯು ಅಪಾಯವೆಂಬ ಭಾವನೆ ಎಲ್ಲರಲ್ಲಿಯೂ ಬಲವಾಯಿತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುವು. ಚಾಮರಾಜಪೇಟೆಯು ಅವುಗಳಿಗಿಂತ ತುಸು ಮೊದಲಿನದು. ಪೇಟೆಯ ಅನೇಕ ಸಂಸಾರಗಳು ಅಂಗಡಿಯನ್ನು ಪೇಟೆಯಲ್ಲಿಯೇ ಇಟ್ಟುಕೊಂಡು ವಾಸಕ್ಕಾಗಿ ಹೊಸ ಬಡಾವಣೆಗಳಿಗೆ ತೆರಳಿದುವು.

ಈ ಹೊಸ ಮನೆಗಳ ಸೂರು ಒಂದು ಹೊಸ ಬಗೆಯದು. ಮನೆಯ ಸುತ್ತಲೂ ಕಾಂಪೌಂಡು, ಮುಂದೆ ಜಗಲಿ, ಮೇಲೆ ಮಂಗಳೂರು ಹೆಂಚು. ಹೆಂಚಿನ ಕೆಳಗೆ, ಗೋಡೆಯ ನೆತ್ತಿಯಲ್ಲಿ, ಗಾಳಿಯಾಡಲು ಬೆಳಕಿಂಡಿಗಳು. ಮುಂಭಾಗದ ತ್ರಿಕೋನಾಕಾರದ ಮುಖದಲ್ಲಿ ಗಾರೆಯ ಅಲಂಕಾರ, ಕಟ್ಟಿಸಿದ ವರ್ಷ, ಕೆಲವೆಡೆಗಳಲ್ಲಿ ಯಜಮಾನನ ಹೆಸರಿನ ಮೊದಲಕ್ಷರಗಳು. ಸೂರಿನ ಅಂಚಿನಲ್ಲಿ ಕೊರೆದ ಮರದ ಪಟ್ಟಿಗಳು. ಕಿಟಕಿಗಳ ಮೇಲೂ ಮುಖಮಂಟಪದ ಮೇಲೂ ಚೂಪಾದ ಟೊಪ್ಪಿಗೆಯಂತೆ ಚಾಚಿಕೊಂಡು, ಲಂಬವಾದ ಮರದ ಪಟ್ಟಿಗಳಿಂದ ಕೂಡಿದ ಹೊದಿಕೆಯನ್ನು ಮಂಕಿ ಟಾಪ್ ಎಂದು ಕರೆಯುವರು. ದಂಡಿನ ಪ್ರದೇಶದ ಬಂಗಲೆಗಳಲ್ಲಿ ಪ್ರಸಿದ್ಧವಾದ ಈ ರಚನೆಯನ್ನು ನಮ್ಮ ಬಡಗಿಗಳು ಬಸವನಗುಡಿ ಮಲ್ಲೇಶ್ವರಗಳ ಗೃಹಸ್ಥರ ಮನೆಗಳಿಗೂ ತಂದು ಹೊಂದಿಸಿದರು. ಬಿಸಿಲನ್ನೂ ಎರಚಲನ್ನೂ ತಡೆದು, ಗಾಳಿಯನ್ನು ಮಾತ್ರ ಒಳಗೆ ಬಿಡುವ ಚಾತುರ್ಯ ಅದರದು. ವಿಲಾಯಿತಿಯ ರೂಪ, ಮಂಗಳೂರಿನ ಹೆಂಚು, ನಮ್ಮ ಬಡಗಿಯ ಕೈ, ನಮ್ಮ ಜಗಲಿ: ಇವೆಲ್ಲವೂ ಕೂಡಿ ಬೆಂಗಳೂರಿನದೇ ಆದ ಒಂದು ಮನೆಯಾಯಿತು. ಜಾನೆಟ್ ಪಾಟ್ ಎಂಬ ವಿದುಷಿಯು ಇಂತಹ ಬಂಗಲೆಗಳನ್ನು ಅಳೆದು ಬರೆದು 1977ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದಳು. ಆಕೆಯು ಚಿತ್ರಿಸಿದ ಮನೆಗಳಲ್ಲಿ ಅನೇಕವು ಇಂದು ಆ ಪುಟಗಳಲ್ಲಿ ಮಾತ್ರ ಉಳಿದಿರುವುವು.

ಸೂರು ಹೋದುದಕ್ಕೆ ಕಾರಣಗಳು

ಹಳೆಯ ಸೂರುಗಳು ಏಕೆ ಹೋದುವು? ಇದಕ್ಕೆ ಕೇವಲ ಜನರ ಅನಾಸಕ್ತಿಯನ್ನು ದೂರುವುದು ನ್ಯಾಯವಲ್ಲ. ಗೃಹಸ್ಥನ ಕಷ್ಟವನ್ನೂ ತಿಳಿಯಬೇಕು. ಮೊದಲನೆಯದು, ಕೂಡುಕುಟುಂಬವು ಒಡೆದು ಒಂದು ಮನೆಯು ನಾಲ್ಕು ಪಾಲಾದಾಗ ಸೂರಿನ ದುರಸ್ತಿಯು ಯಾರ ಹೊಣೆಯೆಂಬುದು ತೀರ್ಮಾನವಾಗದು. ಒಬ್ಬನ ಪಾಲಿನ ಮೇಲೆ ಬಿದ್ದ ನೀರು ಇನ್ನೊಬ್ಬನ ಗೋಡೆಯಲ್ಲಿ ಇಳಿಯುವುದು. ಎರಡನೆಯದು, ನಿವೇಶನದ ಬೆಲೆಯು ಏರಿ, ಒಂದಂತಸ್ತಿನ ಹೆಂಚಿನ ಮನೆಗಿಂತ ನಾಲ್ಕಂತಸ್ತಿನ ಬಾಡಿಗೆಯ ಕಟ್ಟಡವು ಹೆಚ್ಚು ಲಾಭವೆಂದು ತೋರುವುದು. ಮೂರನೆಯದು, ಸುಲ್ತಾನ್‌ಪೇಟೆಯಂತಹ ವ್ಯಾಪಾರದ ಕೇರಿಗಳಿಗೆ ವಿಶೇಷವಾದ ಕಾರಣ. ಕಾಗದವು ಭಾರವಾದ ಸರಕು; ನೀರು ತಾಗಿದರೆ ಕ್ಷಣದಲ್ಲಿ ಹಾಳಾಗುವ ಸರಕು. ವಾಸದ ಮಹಡಿಯು ಉಗ್ರಾಣವಾದಾಗ ಹಳೆಯ ಜಂತೆಗಳು ಆ ಭಾರವನ್ನು ತಾಳಲಾರವು, ಒಂದು ಹೆಂಚು ಸರಿದರೆ ಆಗುವ ನಷ್ಟವನ್ನು ವರ್ತಕನು ತಾಳಲಾರನು. ನಾಲ್ಕನೆಯದು, ಹೆಂಚು ಹೊದಿಸುವ ಬಡಗಿಯೂ ಗಾರೆ ಬಡಿಯುವ ಆಳೂ ದೊರೆಯದಿರುವುದು. ಕೆಲಸ ಬಲ್ಲವನು ಸಿಕ್ಕದಾಗ ಸಿಮೆಂಟಿನವನೇ ವೈದ್ಯನಾಗುತ್ತಾನೆ.

ಈ ಕಾರಣಗಳೆಲ್ಲವೂ ನಿಜವೇ. ಆದರೆ ಇವುಗಳಿಂದ ಹುಟ್ಟುವ ತೀರ್ಮಾನಗಳೆಲ್ಲವೂ ನಿಜವಲ್ಲ. ಹಳೆಯ ಹೆಂಚಿನ ಮನೆಯ ಗೋಡೆಗಳ ಮೇಲೆ ಕಾಂಕ್ರೀಟನ್ನು ಹಾಕಿದರೆ ಮನೆಯು ಭದ್ರವಾಗುವುದೆಂಬುದು ಸಾಮಾನ್ಯ ನಂಬಿಕೆ. ಲೆಕ್ಕವನ್ನು ನೋಡೋಣ. ನೂರು ಚದರಡಿಯ ಸೂರಿಗೆ ಸುಮಾರು 140 ಮಂಗಳೂರು ಹೆಂಚುಗಳು ಬೇಕು; ಒಂದೊಂದರ ತೂಕವು ಎರಡು ಕಿಲೋಗಿಂತ ತುಸು ಹೆಚ್ಚು. ಒಟ್ಟು ಮುನ್ನೂರು ಕಿಲೋಗಳ ಆಸುಪಾಸು. ಮರಮುಟ್ಟಿನ ಭಾರವನ್ನು ಸೇರಿಸಿದರೂ ಅರ್ಧ ಟನ್ನಿನ ಸುಮಾರಿಗೆ ನಿಲ್ಲುವುದು. ಅಷ್ಟೇ ವಿಸ್ತಾರಕ್ಕೆ ಐದು ಅಂಗುಲ ದಪ್ಪದ ಕಾಂಕ್ರೀಟನ್ನು ಹಾಕಿದರೆ ಅದರ ತೂಕವು ಎರಡೂವರೆ ಟನ್ನನ್ನು ಮೀರುವುದು. ಮಣ್ಣು ಅಥವಾ ಸುಣ್ಣದಿಂದ ಕಟ್ಟಿದ, ಅರ್ಧ ಟನ್ನಿನ ಭಾರಕ್ಕೆಂದು ಎಬ್ಬಿಸಿದ ಗೋಡೆಯ ಮೇಲೆ ಐದು ಪಟ್ಟು ಭಾರವನ್ನು ಹೊರಿಸುವುದು ವಿವೇಕವೆನಿಸಲಾರದು.

ಗಾರೆಯ ಮಾಳಿಗೆಯ ಮೇಲೆ ಸಿಮೆಂಟನ್ನು ಬಳಿಯುವುದೂ ಇಂತಹುದೇ ಅಪಚಾರವು. ಸುಣ್ಣವು ತೇವವನ್ನು ಹೀರಿದರೂ ಬಿಸಿಲಿಗೆ ಅದನ್ನು ಹೊರಗೆ ಬಿಡುವುದು. ಸಿಮೆಂಟು ಆ ದಾರಿಯನ್ನು ಮುಚ್ಚುವುದು. ಬಿರುಕಿನಿಂದ ಒಳಸೇರಿದ ನೀರು ಹೊರಬರಲಾರದೆ ಕೆಳಗಿನ ಜಂತೆಗಳ ತುದಿಗಳನ್ನು, ಅವು ಗೋಡೆಯೊಳಗೆ ಸೇರುವ ಕಣ್ಣಿಗೆ ಕಾಣದ ಸ್ಥಳದಲ್ಲಿ, ಕೊಳೆಯಿಸುವುದು. ಹೊರಗೆ ಮಾಳಿಗೆಯು ನುಣುಪಾಗಿ ಕಾಣುತ್ತಿರುವುದು. ಒಳಗೆ ಅದರ ಆಯುಷ್ಯವು ತೀರುತ್ತಿರುವುದು.

ಉಪೇಕ್ಷೆಯ ಫಲವು ಎಷ್ಟು ಘೋರವಾಗಬಹುದೆಂಬುದಕ್ಕೆ ಮೈಸೂರಿನ ನಿದರ್ಶನವನ್ನು ಮರೆಯಲಾಗದು. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟ್ ತಿಂಗಳಲ್ಲಿ ಕುಸಿದು ನಾಲ್ವರು ಪ್ರಾಣಬಿಟ್ಟರು. 2016ರಲ್ಲಿ ಅದೇ ನಗರದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಇಂತಹ ಅನಾಹುತಗಳಾದಾಗ ಹಳೆಯದನ್ನೆಲ್ಲ ಕೆಡವಬೇಕೆಂದು ಕೆಲವರು ಹೇಳುವರು. ಆದರೆ ಇವು ಕಲಿಸುವ ಪಾಠವು ಬೇರೆಯೇ. ಹಳೆಯ ಕಟ್ಟಡವನ್ನು ಕೊಂಡಾಡಿ, ಅದರ ಮಾಳಿಗೆಯನ್ನು ಕಾಲಕಾಲಕ್ಕೆ ಪರೀಕ್ಷಿಸದಿರುವುದು ಸಂರಕ್ಷಣೆಯಲ್ಲ. ಅದು ಸಂರಕ್ಷಣೆಯ ಹೆಸರಿನಲ್ಲಿ ನಡೆಯುವ ಅಲಕ್ಷ್ಯ. ಪ್ರಾಣಕ್ಕಿಂತ ಹೆಚ್ಚಿನ ಪುರಾತನ ವಸ್ತುವಿಲ್ಲ. ಸೂರನ್ನು ಉಳಿಸಬೇಕೆನ್ನುವವನು ಮೊದಲು ಅದರ ಕೆಳಗೆ ಮಲಗುವವರ ಕ್ಷೇಮಕ್ಕೆ ಹೊಣೆಯಾಗಬೇಕು.

ಕಾಪಾಡುವ ಬಗೆ

ಹಾಗಾದರೆ ಮಾಡತಕ್ಕುದೇನು? ಅನುಭವಸಿದ್ಧವಾದ ಕೆಲವು ಕ್ರಮಗಳನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಮೊದಲನೆಯದು ನಿತ್ಯದ ಎಚ್ಚರ. ಚೈತ್ರ ವೈಶಾಖಗಳಲ್ಲಿ, ಮಳೆಗೆ ಮುಂಚೆ, ವರ್ಷಕ್ಕೊಮ್ಮೆ ಸೂರನ್ನು ಹತ್ತಿ ನೋಡತಕ್ಕುದು. ದೋಣಿಗಳಲ್ಲಿ ಕೂತ ಎಲೆಯನ್ನು ತೆಗೆಯಬೇಕು. ಗಾರೆಯ ಸಂದಿನಲ್ಲಿ ಮೊಳೆತ ಅರಳಿಯ ಸಸಿಯನ್ನು ಬೇರುಸಹಿತ ಕೀಳಬೇಕು. ಕಿರುಬೆರಳಿನಷ್ಟಿರುವಾಗ ಕೈಯಿಂದ ಬರುವ ಗಿಡವು ಹತ್ತು ವರ್ಷಗಳ ತರುವಾಯ ಗೋಡೆಯೊಡನೆ ಮಾತ್ರ ಬರುವುದು.

ಎರಡನೆಯದು ಹೆಂಚಿನ ಸೂರಿನ ದುರಸ್ತಿ. ನೆತ್ತಿಯಿಂದ ಆರಂಭಿಸಿ ಕೆಳಕ್ಕೆ ಹೆಂಚನ್ನು ಇಳಿಸಿ, ಒಂದೊಂದನ್ನೂ ತೊಳೆದು, ಬೆರಳಿನಿಂದ ತಟ್ಟಿ ನೋಡಬೇಕು. ಗಂಟೆಯಂತೆ ನಿನದಿಸುವುದು ಗಟ್ಟಿಯಾದುದು. ಮಂಕಾಗಿ ಶಬ್ದಮಾಡುವುದು ಬಿರಿದುದು. ಕೊಳೆತ ರೀಪುಗಳನ್ನು ಮಾತ್ರ ಬದಲಿಸಿ, ಗಟ್ಟಿ ಮರವನ್ನು ಉಳಿಸತಕ್ಕುದು. ಹೊಸ ಹೆಂಚು ಬೇಕಾದಾಗ ಅದೇ ಕಾರ್ಖಾನೆಯ ಹಳೆಯ ಹೆಂಚನ್ನು ಹುಡುಕುವುದು ಉತ್ತಮ. ಏಕೆಂದರೆ ಒಂದು ಕಾರ್ಖಾನೆಯ ಹೆಂಚಿನ ಕೊಂಡಿಯು ಇನ್ನೊಂದರದಕ್ಕೆ ಸರಿಯಾಗಿ ಕಚ್ಚದು. ಹಳೆಯದೂ ಹೊಸದೂ ಬೆರೆಯಬೇಕಾಗಿ ಬಂದರೆ, ಬೀದಿಗೆ ಕಾಣುವ ಮುಖಕ್ಕೆ ಹಳೆಯದನ್ನೂ ಹಿಂಬದಿಗೆ ಹೊಸದನ್ನೂ ಸೇರಿಸಬಹುದು. ಕೆಳಗೆ ನೀರು ತಡೆಯುವ ಹಾಸನ್ನು ಹೊಂದಿಸಿ, ಮೇಲೆ ಹಳೆಯ ಹೆಂಚನ್ನೇ ಹೊದಿಸಿದರೆ ವರ್ತಕನ ಸರಕಿಗೂ ರಕ್ಷಣೆ ದೊರೆಯುವುದು.

ಮೂರನೆಯದು ಗಾರೆಯ ಮಾಳಿಗೆಯ ಪಾಲನೆ. ಬಿರುಕುಗಳನ್ನು ಸುಣ್ಣದ ಗಾರೆಯಿಂದಲೇ ತುಂಬಬೇಕು. ಪದರದ ಮೇಲೆ ಪದರವನ್ನು ಹಾಕುತ್ತ ಭಾರವನ್ನು ಹೆಚ್ಚಿಸಬಾರದು. ನೀರಿನ ತೊಟ್ಟಿಯನ್ನು ಅದರ ಮೇಲೆ ಇಡಬಾರದು. ಸಾವಿರ ಲೀಟರು ನೀರೆಂದರೆ ಒಂದು ಟನ್ ಭಾರವೆಂಬುದನ್ನು ನೆನಪಿನಲ್ಲಿಡಬೇಕು. ಜಂತೆಗಳ ತುದಿಗಳನ್ನು ಬಲ್ಲ ಇಂಜಿನಿಯರರಿಂದ ಪರೀಕ್ಷೆ ಮಾಡಿಸಿ, ಕೆಟ್ಟುದಕ್ಕೆ ಹೊಸ ಮರವನ್ನೋ ಉಕ್ಕಿನ ಆಸರೆಯನ್ನೋ ಕೊಡಿಸಬೇಕು.

ನಾಲ್ಕನೆಯದು ದಾಖಲೆ. ಕೆಡವುವುದು ಅನಿವಾರ್ಯವೇ ಆದರೂ, ಮುಟ್ಟುವ ಮುನ್ನ ಅಳತೆಯನ್ನೂ ಛಾಯಾಚಿತ್ರಗಳನ್ನೂ ತೆಗೆಯಿಸಿ, ತ್ರಿಕೋನಮುಖದ ವರ್ಷದ ಅಂಕಿಯನ್ನೂ ಹೆಂಚಿನ ಮುದ್ರೆಗಳನ್ನೂ ಬರೆದಿಡತಕ್ಕುದು. ಇಂಟಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರು ನಗರದ ಪುರಾತನ ಕಟ್ಟಡಗಳನ್ನು ಪಟ್ಟಿಮಾಡುವ ಕಾರ್ಯದಲ್ಲಿ ತೊಡಗಿರುವುದರಿಂದ ಅಂತಹ ದಾಖಲೆಯು ಅವರಿಗೂ ಉಪಯುಕ್ತವಾಗುವುದು.

ಲೋಕದ ನಿದರ್ಶನಗಳು

ಇದು ನಮ್ಮ ಊರಿನ ಸಮಸ್ಯೆ ಮಾತ್ರವಲ್ಲ. ಜಪಾನಿನ ಶಿರಕಾವಾ ಎಂಬ ಗುಡ್ಡಗಾಡಿನ ಹಳ್ಳಿಗಳಲ್ಲಿ ಹಿಮದ ಭಾರವನ್ನು ತಾಳುವಂತೆ, ಕೈಮುಗಿದ ಆಕಾರದಲ್ಲಿ, ಕಡಿದಾದ ಹುಲ್ಲಿನ ಸೂರುಗಳಿವೆ. ಒಂದು ಮನೆಯ ಸೂರನ್ನು ಹೊದಿಸಲು ಊರಿನವರೆಲ್ಲರೂ ಸೇರಿ ದುಡಿಯುವ ಪದ್ಧತಿಯು ಅಲ್ಲಿಯದು. ಇಂದು ನಿನ್ನ ಮನೆಗೆ, ಮುಂದೆ ನನ್ನ ಮನೆಗೆ ಎಂಬ ನ್ಯಾಯ. 1995ರಲ್ಲಿ ಆ ಹಳ್ಳಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಪ್ಯಾರಿಸ್ ನಗರದ ನೋತ್ರ್‌ದಾಮ್ ದೇವಾಲಯದ ಸೂರಿನ ಮರಗೆಲಸವು 2019ರ ಏಪ್ರಿಲ್ ತಿಂಗಳಲ್ಲಿ ಬೆಂಕಿಗೆ ಆಹುತಿಯಾದಾಗ, ಉಕ್ಕಿನಿಂದ ಕಟ್ಟುವ ಸಲಹೆಗಳು ಬಂದರೂ, ಓಕ್ ಮರದಿಂದಲೇ ಹಳೆಯ ಕ್ರಮದಲ್ಲಿಯೇ ಅದನ್ನು ಮತ್ತೆ ಕಟ್ಟಿದರು. 2024ರ ಡಿಸೆಂಬರಿನಲ್ಲಿ ಅದು ಭಕ್ತರಿಗೆ ತೆರೆಯಿತು. ಆ ಕೆಲಸವು ಸಾಧ್ಯವಾದುದು ಕೊಡಲಿಯಿಂದ ತೊಲೆಯನ್ನು ಕೆತ್ತಬಲ್ಲ ಬಡಗಿಗಳು ಆ ದೇಶದಲ್ಲಿ ಇನ್ನೂ ಉಳಿದಿದ್ದುದರಿಂದ. ವಿದ್ಯೆಯು ಉಳಿದರೆ ಸುಟ್ಟ ಸೂರೂ ಮರಳುವುದು. ವಿದ್ಯೆಯು ಹೋದರೆ ಇರುವ ಸೂರೂ ನಿಲ್ಲದು. ನಮ್ಮ ನಾಡಿನಲ್ಲಿಯೇ ನೋಡುವುದಾದರೆ, ಕುಪ್ಪಳಿಯಲ್ಲಿ ಕುವೆಂಪುರವರ ಮನೆಯು ಹೆಂಚಿನ ಸೂರಿನೊಡನೆ, ತೊಟ್ಟಿಯೊಡನೆ, ನೋಡಬಂದವರಿಗೆ ಮಲೆನಾಡಿನ ಬಾಳನ್ನು ಇಂದಿಗೂ ತೋರಿಸುತ್ತಿರುವುದು.

ಕಾನೂನಿನ ಆಶ್ರಯವು ಇಲ್ಲವೆ ಎಂದು ಕೇಳಬಹುದು. 1961ರ ಕರ್ನಾಟಕದ ಪ್ರಾಚೀನ ಸ್ಮಾರಕಗಳ ಕಾಯಿದೆಯು ಸರ್ಕಾರವು ಸಂರಕ್ಷಿತವೆಂದು ಸಾರಿದ ಸ್ಮಾರಕಗಳಿಗೆ ಅನ್ವಯಿಸುವುದು. ಗೃಹಸ್ಥರ ಸಾಮಾನ್ಯ ಮನೆಗಳು ಬಹುಮಟ್ಟಿಗೆ ಅದರ ಹೊರಗಿರುವುವು. ಆದುದರಿಂದ ಇವುಗಳ ಅಳಿವು ಉಳಿವುಗಳು ಯಜಮಾನನ ಮನಸ್ಸಿನಲ್ಲಿಯೇ ನಿಂತಿವೆ. ಹೊರಗಿನವರು ಆತನಿಗೆ ಉಪದೇಶಮಾಡಿದರೆ ಸಾಲದು, ಖರ್ಚಿನಲ್ಲಿಯೂ ನೆರವಾಗಬೇಕು.

ಮಠಗಳ ಕರ್ತವ್ಯ

ಈ ನೆರವು ಎಲ್ಲಿಂದ ಬರಬೇಕು? ಇಲ್ಲಿಯೇ ಮಠಗಳ ಮತ್ತು ಧರ್ಮಸಂಸ್ಥೆಗಳ ಸ್ಥಾನವು ದೊಡ್ಡದಾಗಿ ಕಾಣುವುದು. ಪೇಟೆಯ ವರ್ತಕರಾಗಿದ್ದ ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರು ಊರಿಗೆ ಬಂದವರ ನೆತ್ತಿಗೆ ಒಂದು ಸೂರಿರಲೆಂದು ರೈಲುನಿಲ್ದಾಣದ ಬಳಿ ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ಆರಂಭವಾಯಿತು. ಪರರಿಗೆ ಸೂರನ್ನು ಕೊಡುವುದು ಪುಣ್ಯವೆಂದು ತಿಳಿದ ಸಮಾಜವು, ಹಿರಿಯರು ಕೊಟ್ಟ ಸೂರನ್ನು ಕಾಪಾಡುವುದೂ ಆ ಪುಣ್ಯದ ಮುಂದುವರಿಕೆಯೆಂದು ತಿಳಿಯಬೇಡವೆ?

ಮಠಗಳ ಆಶ್ರಯದಲ್ಲಿ ಅನೇಕ ಕೈಗಾರಿಕಾ ಶಾಲೆಗಳು ನಡೆಯುತ್ತಿವೆ. ಅವುಗಳಲ್ಲಿ ಹೆಂಚಿನ ಸೂರಿನ ಮರಗೆಲಸವನ್ನೂ ಸುಣ್ಣದ ಗಾರೆಯ ಕೆಲಸವನ್ನೂ ಕಲಿಸಿದರೆ, ಹುಡುಗರಿಗೆ ಜೀವನೋಪಾಯವೂ ಊರಿಗೆ ಕುಶಲಿಗಳೂ ಏಕಕಾಲದಲ್ಲಿ ದೊರೆಯುವರು. ಹಳೆಯ ಕಟ್ಟಡಗಳಿಂದ ಬಿಚ್ಚಿದ ಗಟ್ಟಿ ಹೆಂಚುಗಳನ್ನೂ ತೇಗದ ತೊಲೆಗಳನ್ನೂ ಒಂದೆಡೆ ಕೂಡಿಡುವ ಉಗ್ರಾಣವಿದ್ದರೆ, ಬಡ ಗೃಹಸ್ಥನ ದುರಸ್ತಿಗೆ ಅದು ಕಾಮಧೇನುವಾದೀತು. ಎಲ್ಲಕ್ಕಿಂತ ಮೊದಲು, ಸಂಸ್ಥೆಗಳು ತಮ್ಮ ತಮ್ಮ ಹಳೆಯ ಕಟ್ಟಡಗಳ ಸೂರನ್ನು ತೆಗೆಯುವ ಮುನ್ನ, ಅದನ್ನು ದುರಸ್ತಿ ಮಾಡಲು ತಗಲುವ ವೆಚ್ಚವೆಷ್ಟು, ಬದಲಿಸಲು ತಗಲುವ ವೆಚ್ಚವೆಷ್ಟು ಎಂಬುದನ್ನು ಬಲ್ಲವರಿಂದ ಲೆಕ್ಕಹಾಕಿಸಿ ನೋಡತಕ್ಕುದು. ಈ ಒಂದು ನಿಯಮವನ್ನು ಪಾಲಿಸಿದರೂ ಎಷ್ಟೋ ಸೂರುಗಳು ಉಳಿದಾವು. ಜೀರ್ಣೋದ್ಧಾರವೆಂಬ ಶಬ್ದದ ಅರ್ಥವೇ ಜೀರ್ಣವಾದುದನ್ನು ಮೇಲೆತ್ತುವುದು. ಅದನ್ನು ಇಲ್ಲದಂತೆ ಮಾಡುವುದಲ್ಲ.

ಎಲ್ಲ ಹಳೆಯ ಸೂರುಗಳನ್ನೂ ಉಳ��ಸಬೇಕೆಂಬುದು ನಮ್ಮ ಹಟವಲ್ಲ. ಕೊಳೆತುದನ್ನು ಇಳಿಸಲೇಬೇಕು; ಕಾಲಕ್ಕೆ ತಕ್ಕಂತೆ ಮನೆಗಳು ಬದಲಾಗಲೇಬೇಕು. ತೇಗದ ಜಂತೆಯನ್ನು ಹೂಡಿದ ಬಡಗಿಯೂ, ಅಳಲೆಕಾಯಿಯ ನೀರನ್ನು ಚಿಮುಕಿಸಿ ಗಾರೆಯನ್ನು ಬಡಿದ ಹೆಣ್ಣಾಳೂ ತಮ್ಮ ಹೆಸರನ್ನು ಎಲ್ಲಿಯೂ ಕೆತ್ತಿಸಲಿಲ್ಲ. ಅವರ ಕಾಯಕವೇ ಅವರ ಶಾಸನ. ಅದನ್ನು ಒಡೆಯುವ ಮುನ್ನ ಒಮ್ಮೆ ತಲೆಯೆತ್ತಿ ನೋಡುವಷ್ಟು ಕೃತಜ್ಞತೆಯು ನಮ್ಮಲ್ಲಿರಲಿ. ನೋಡಿದ ಮೇಲೆ ಉಳಿಸಬಲ್ಲುದನ್ನು ಉಳಿಸುವಷ್ಟು ಶ್ರದ್ಧೆಯು ಕೂಡಿಬರಲಿ ಎಂದು ಭಕ್ತಮಹಾಜನರಲ್ಲಿ ವಿನಯಪೂರ್ವಕವಾಗಿ ಬಿನ್ನವಿಸಿ ಈ ಲೇಖನವನ್ನು ಮುಗಿಸುವೆವು.